ಬಲಗೆನ್ನೆ

ಬಸ್ಸಿನ ಕಿಟಕಿಯ ಗಾಜು ಹಾಕಿದಲ್ಲಿ ನಿಲ್ಲುತ್ತಿರಲಿಲ್ಲ. ರಸ್ತೆಯ ಒಂದೊಂದು ಗುಂಡಿಗೂ ಅದು ಜಾರಿ ಹಿಂದಕ್ಕೆ ಸರಿಯುತ್ತಿತ್ತು. ಸರಿದ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ಉಜ್ಜನಪ್ಪ ಭದ್ರಾವತಿ ಬಿಟ್ಟಾಗಿನಿಂದ ಗಾಜಿಗೆ ಅಂಗೈ ಒತ್ತಿ ಹಿಡಿದೇ ಕೂತಿದ್ದ. ಅವನ ಪಕ್ಕದಲ್ಲಿ ಅವನ ಹೆಂಡತಿ ಜಗದಾಂಬಾ ಮುಖವನ್ನು ಎಡಕ್ಕೆ ತಿರುಗಿಸಿಕೊಂಡು, ಸೆರಗು ಬಲಗೆನ್ನೆಗೆ ತಾಗದ ಹಾಗೆ ಒಂದು ಕೈಯಲ್ಲಿ ದೂರ ಹಿಡಿದು, ಉಸಿರನ್ನೂ ಅಳೆದಳೆದು ಬಿಡುತ್ತಿದ್ದಳು.

"ಸ್ವಲ್ಪ ಕಿಟಕಿ ಬಿಡಿ ಯಜಮಾನ್ರೆ, ಬೆಂದು ಹೋಗ್ತಿದೀವಿ," ಎಂದ ಹಿಂದಿನ ಸೀಟಿನವನು.

"ಆಗಲ್ಲ ಮಾರಾಯ್ರೆ. ನಮ್ಮನೆಯವಳಿಗೆ ಗಾಳಿ ತಾಗಬಾರದು."

"ಯಾಕೆ, ಬಾಣಂತಿನಾ?"

ಯಾರೋ ನಕ್ಕರು. ಉಜ್ಜನಪ್ಪ ನಗಲಿಲ್ಲ. "ಮುಖಕ್ಕೆ ನೋವು ಬರುತ್ತೆ," ಎಂದ.

ಹಿಂದಿನವನು ಮುಂದಕ್ಕೆ ಬಾಗಿ ಜಗದಾಂಬಾಳ ಮುಖ ನೋಡಿದ. ನೋಡಲು ಏನಿತ್ತು? ಊತವಿಲ್ಲ, ಗಾಯವಿಲ್ಲ, ಕೆಂಪಿಲ್ಲ. ಐವತ್ತು ದಾಟಿದ ಹೆಂಗಸಿನ ತುಂಬಿದ ದುಂಡು ಮುಖ, ಹಣೆಯಲ್ಲಿ ವಿಭೂತಿ, ಅದರ ಕೆಳಗೆ ಕುಂಕುಮ. ಈ ನೋಟ ಅವಳಿಗೆ ಹೊಸದಲ್ಲ. ಜನ ನೋಡುತ್ತಾರೆ, ಏನೂ ಕಾಣದೆ ಇವಳದು ಬರೀ ನಾಟಕ ಅಂದುಕೊಳ್ಳುತ್ತಾರೆ. ಅಲ್ಲ ಅನ್ನಲು ಬಾಯಿ ತೆರೆಯಬೇಕು. ಬಾಯಿ ತೆರೆದರೆ ಅದು ಬರುತ್ತದೆ. ಬೆದರಿದ ಎಮ್ಮೆಯ ಪಕ್ಕ ನಡೆಯುವವಳ ಹಾಗೆ ಅವಳು ಎರಡು ವರ್ಷದಿಂದ ತನ್ನ ಮುಖದ ಪಕ್ಕದಲ್ಲಿ ಬದುಕುತ್ತಿದ್ದಳು.

ಶಿವಮೊಗ್ಗದಲ್ಲಿ ನರರೋಗದ ಡಾಕ್ಟರ್ ವಿಷ್ಣುಪ್ರಸಾದ ಹೊಸ ರಿಪೋರ್ಟುಗಳನ್ನೆಲ್ಲ ನೋಡಿ ಕನ್ನಡಕ ತೆಗೆದಿಟ್ಟರು. ಚಿಕ್ಕ ವಯಸ್ಸಿನವರು, ಮೆಲ್ಲಗೆ ಮಾತಾಡುವವರು. ಅವಳಿಂದ ಮಾತಾಡಿಸದೆ, ಹೌದು ಇಲ್ಲ ಎಂದು ತಲೆಯಾಡಿಸಿದರೆ ಸಾಕಾಗುವಂಥ ಪ್ರಶ್ನೆಗಳನ್ನೇ ಕೇಳುವುದು ಅವರಿಗೆ ರೂಢಿಯಾಗಿತ್ತು.

"ಮಾತ್ರೆ ಇನ್ನು ಜಾಸ್ತಿ ಮಾಡೋಕಾಗಲ್ಲಮ್ಮ. ಹೋದ ತಿಂಗಳು ರಕ್ತದಲ್ಲಿ ಉಪ್ಪಿನಂಶ ಇಳಿದು ಬಚ್ಚಲಲ್ಲಿ ಬಿದ್ರಲ್ಲ, ಅದು ಈ ಮಾತ್ರೆಯಿಂದಲೇ. ತಲೆ ತೆರೆದು ಮಾಡೋ ಆಪರೇಷನ್ ಒಂದಿದೆ. ನಿಮ್ಮ ಶುಗರ್, ಹಾರ್ಟು ಎರಡೂ ನೋಡಿದ್ರೆ ನಂಗೆ ಅದಕ್ಕೆ ಧೈರ್ಯ ಇಲ್ಲ. ಇನ್ನೊಂದು ದಾರಿ ಅಂದ್ರೆ ಕೆನ್ನೆಯಿಂದ ಸೂಜಿ ಹಾಕಿ ಆ ನರದ ಬೇರಿಗೆ ಬಿಸಿ ಕೊಡೋದು. ನೋವು ಹೋಗುತ್ತೆ."

"ಪೂರ್ತಿ ಹೋಗುತ್ತಾ ಡಾಕ್ಟ್ರೆ?" ಉಜ್ಜನಪ್ಪ ಕುರ್ಚಿಯ ತುದಿಗೆ ಬಂದಿದ್ದ.

"ಹೆಚ್ಚಿನವರಿಗೆ ಹೋಗುತ್ತೆ. ಕೆಲವು ವರ್ಷ ಆದ್ಮೇಲೆ ತಿರುಗಿ ಬಂದ್ರೂ ಬರಬಹುದು. ಆದ್ರೆ ನೋವು ಹೇಳೋದೂ ಅದೇ ನರ, ಮುಟ್ಟಿದ್ದು ಹೇಳೋದೂ ಅದೇ ನರ. ಅದನ್ನ ಸುಟ್ಟಾಗ ಎರಡೂ ಹೋಗುತ್ತೆ. ಬಲಗಡೆ ಕೆನ್ನೆ, ತುಟಿ ಜೋಮು ಹಿಡಿದ ಹಾಗಿರುತ್ತೆ. ಬಿಸಿ, ತಣ್ಣಗೆ, ಯಾರಾದ್ರೂ ಮುಟ್ಟಿದ್ದು, ಯಾವುದೂ ಗೊತ್ತಾಗಲ್ಲ."

ಜಗದಾಂಬಾ ಎಡಗಡೆಯ ತುಟಿಯನ್ನಷ್ಟೇ ಅಲುಗಿಸಿ ಕೇಳಿದಳು: "ಎಷ್ಟು ದಿನ?"

"ದಿನ ಅಲ್ಲಮ್ಮ. ಹಾಗೇ ಇರುತ್ತೆ."

ಮೊದಲು ಶುಗರ್ ಹತೋಟಿಗೆ ಬರಲಿ, ಅಷ್ಟರಲ್ಲಿ ಮನೆಯವರೆಲ್ಲ ಕೂತು ಯೋಚನೆ ಮಾಡಿ ಎಂದು ಡಾಕ್ಟರ್ ಕಳಿಸಿಕೊಟ್ಟರು. ಹೊರಗೆ ಬಂದಾಗ ಉಜ್ಜನಪ್ಪನ ಮುಖ ಬಹಳ ದಿನಗಳ ಮೇಲೆ ಬಿಚ್ಚಿಕೊಂಡಿತ್ತು. "ನೋಡಿದ್ಯಾ? ಹೋಗುತ್ತಂತೆ," ಎಂದ. ಜಗದಾಂಬಾ ತನ್ನ ಕಾಲುಗಳನ್ನು ನೋಡಿಕೊಳ್ಳುತ್ತ ಮೆಟ್ಟಿಲಿಳಿದಳು.

ಆ ಕಾಲುಗಳಿಗೆ ಆಗಲೇ ಏನೂ ಗೊತ್ತಾಗುತ್ತಿರಲಿಲ್ಲ. ಹತ್ತು ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಪಾದಗಳನ್ನು ಮೆಲ್ಲಮೆಲ್ಲಗೆ ಮರಗಟ್ಟಿಸಿತ್ತು. ಅವಳು ಭದ್ರಾವತಿಯ ಜನ್ನಾಪುರದ ತಮ್ಮ ಮನೆಯಲ್ಲೇ ರವಿಕೆ ಹೊಲಿಯುವವಳು. ಒಂದು ದಿನ ಬಿದ್ದ ಸೂಜಿಯೊಂದು ಹಿಮ್ಮಡಿಗೆ ಹೊಕ್ಕು, ಅದನ್ನು ಹೊತ್ತುಕೊಂಡೇ ಅಡಿಗೆಮನೆ, ಹಿತ್ತಿಲು, ಮಿಷನ್ನು ಎಂದು ಓಡಾಡಿದ್ದಳು. ನೆಲದ ಮೇಲೆ ಸಾಲಾಗಿ ಬಿದ್ದ ರಕ್ತದ ಚುಕ್ಕೆ ನೋಡಿ ಉಜ್ಜನಪ್ಪ ಕೂಗಿಕೊಂಡ ಮೇಲೇ ಅವಳಿಗೆ ತಿಳಿದದ್ದು. ಆ ಗಾಯ ಮಾಯಲು ಇಡೀ ಮಳೆಗಾಲ ಹಿಡಿದಿತ್ತು.

ಮುಖದ ನೋವು ಶುರುವಾದದ್ದೂ ಹೊಲಿಗೆಯ ಮುಂದೆಯೇ. ರವಿಕೆಗೆ ಕೊಕ್ಕೆ ಹಾಕಿ ಮುಗಿಸಿ, ದಾರವನ್ನು ಬಲದವಡೆಯಲ್ಲಿ ಕಚ್ಚಿ ಕಡಿದಳು, ಅಷ್ಟೆ. ಯಾರೋ ಬೆಂಕಿಯ ತಂತಿಯನ್ನು ಕೆನ್ನೆಯೊಳಗೆ ಎಳೆದ ಹಾಗಾಯಿತು. ಹಲ್ಲಿನದಿರಬೇಕು ಅಂದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೋದರು. ಒಂದು ದವಡೆ ಹಲ್ಲು ಹೋಯಿತು, ಅದರ ಪಕ್ಕದ್ದೂ ಹೋಯಿತು, ನೋವು ಹೋಗಲಿಲ್ಲ. ಸೆರಗಿನ ತುದಿ ತಾಗಿದರೆ ಬಂತು, ಕುಂಕುಮ ಇಡುವಾಗ ಕಿರುಬೆರಳು ಸವರಿದರೆ ಬಂತು, ನಕ್ಕರೆ ಬಂತು. ಬೀದಿಯವರೆಲ್ಲ ರವಿಕೆ ಅಳತೆ ಕೊಡುವ ನೆಪದಲ್ಲಿ ಅವಳ ಮಾತು ಕೇಳಲು ಬರುತ್ತಿದ್ದ ಕಾಲವೊಂದಿತ್ತು. ಈಗ ಬಂದವರು ಬಟ್ಟೆ ಕೊಟ್ಟು, ಕೈಸನ್ನೆ ಮಾಡಿ ಹೋಗುತ್ತಿದ್ದರು.

"ಹೆಂಗಾಗುತ್ತೆ ಹೇಳು," ಎಂದು ಉಜ್ಜನಪ್ಪ ಶುರುವಿನಲ್ಲಿ ಕೇಳಿದ್ದ.

"ಕರೆಂಟ್ ಹೊಡೆದ ಹಾಗೆ."

ಕಾರ್ಖಾನೆಯ ಕೆಲಸ ಹೋದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಫ್ಯಾನು, ಮಿಕ್ಸಿಗಳ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಅವನಿಗೆ ಕರೆಂಟಿನ ಏಟು ಚೆನ್ನಾಗಿ ಗೊತ್ತಿತ್ತು. "ನಮ್ಮದಾದ್ರೆ ಮೇನ್ ಆಫ್ ಮಾಡಬಹುದು," ಎಂದಿದ್ದ.

ಎರಡು ಕಾಯಿಲೆಗಳೂ ಒಂದೇ ಮನೆಯ ಇಬ್ಬರು ಸೊಸೆಯರ ಹಾಗಿದ್ದವು, ಒಬ್ಬರು ಹೇಳಿದ್ದು ಇನ್ನೊಬ್ಬರಿಗಾಗದು. ಸಕ್ಕರೆಯ ಡಾಕ್ಟರ್ ಅನ್ನ ಕಡಿಮೆ ಮಾಡಿ, ರೊಟ್ಟಿ ಸೊಪ್ಪು ತಿನ್ನಿ ಎಂದರು. ರೊಟ್ಟಿ ಅಗಿಯಲು ಕೆನ್ನೆ ಬಿಡಲಿಲ್ಲ. ಗಂಜಿ ಕುಡಿದರೆ ಕೆನ್ನೆ ಸುಮ್ಮನಿರುತ್ತಿತ್ತು, ಸಕ್ಕರೆ ಏರುತ್ತಿತ್ತು. ಇಂಜೆಕ್ಷನ್ ತಗೊಂಡ ಮೇಲೆ ನೋವು ಬಂದು ಊಟ ಬಿಟ್ಟರೆ ಕೈಕಾಲು ನಡುಗಿ ಬೆವರಿಳಿಯುತ್ತಿತ್ತು. ಕೊನೆಗೆ ಉಜ್ಜನಪ್ಪ ರಿಪೇರಿಗೆ ಬಂದ ಮಿಕ್ಸಿಗಳಲ್ಲಿ ಒಳ್ಳೆಯದೊಂದನ್ನು ಒಳಗಿಟ್ಟುಕೊಂಡು, ಜೋಳದ ರೊಟ್ಟಿಯನ್ನು ಬೇಯಿಸಿದ ಸೊಪ್ಪಿನ ನೀರಲ್ಲಿ ನೆನೆಸಿ ರುಬ್ಬಿ ಕೊಡತೊಡಗಿದ. ನೋಡಲು ಕೆಸರಿನ ಹಾಗಿದ್ದರೂ ಹೊಟ್ಟೆ ತುಂಬುತ್ತಿತ್ತು.

ಇಷ್ಟೆಲ್ಲ ಮಾಡುವವನು ಆ ಲೋಟವನ್ನು ಅವಳ ಕೈಗೆ ಮಾತ್ರ ಕೊಡುತ್ತಿರಲಿಲ್ಲ. ಮೇಜಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದ.

ಅದಕ್ಕೆ ಕಾರಣವಿತ್ತು. ಮದುವೆಯಾದ ಹೊಸದರಲ್ಲಿ, ಕ್ವಾರ್ಟರ್ಸಿನ ಒಂದೇ ಕೋಣೆಯ ಮನೆಯಲ್ಲಿ, ಉಜ್ಜನಪ್ಪ ಮೊದಲ ಪಾಳಿಗೆ ಹೊರಡುವಾಗ ಇನ್ನೂ ಬೆಳಕಾಗಿರುತ್ತಿರಲಿಲ್ಲ. ಅವಳು ಅರೆನಿದ್ದೆಯಲ್ಲಿರುತ್ತಿದ್ದಳು. ಅವನು ಬಗ್ಗಿ, ಬೆರಳುಗಳ ಹಿಂಬದಿಯಿಂದ ಅವಳ ಬಲಗೆನ್ನೆಯನ್ನು ಮೇಲಿನಿಂದ ಕೆಳಗೆ ಒಂದು ಸಲ ಸವರಿ ಹೋಗುತ್ತಿದ್ದ. ಬರ್ತೀನಿ ಎಂದೂ ಹೇಳುತ್ತಿರಲಿಲ್ಲ, ಹುಷಾರು ಎಂದೂ ಹೇಳುತ್ತಿರಲಿಲ್ಲ. ಅವನ ಬಾಯಿಂದ ಅವಳು ಪ್ರೀತಿಯ ಮಾತೊಂದನ್ನೂ ಕೇಳಿದವಳಲ್ಲ, ಕೇಳಬೇಕು ಎಂದೂ ಅನಿಸಿರಲಿಲ್ಲ. ಮಗಳು ಹುಟ್ಟಿದಳು, ದೊಡ್ಡವಳಾದಳು, ಮದುವೆಯಾಗಿ ಶಿವಮೊಗ್ಗದ ಹೊಸಮನೆ ಬಡಾವಣೆಗೆ ಹೋದಳು. ಪಾಳಿಯ ಕೆಲಸವೇ ಇಲ್ಲವಾಯಿತು. ಬೆರಳು ಮಾತ್ರ ತಪ್ಪಿರಲಿಲ್ಲ.

ನೋವು ಬಂದ ಹೊಸದರಲ್ಲಿ ಒಂದು ಭಾನುವಾರ, ಮಧ್ಯಾಹ್ನದ ಊಟವಾಗಿ ಇಬ್ಬರೂ ಅಡ್ಡಾಗಿದ್ದಾಗ, ಮಂಪರಿನಲ್ಲಿದ್ದ ಉಜ್ಜನಪ್ಪನ ಕೈ ತಾನಾಗಿ ಅವಳ ಕೆನ್ನೆಗೆ ಹೋಯಿತು. ಅವಳು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯ ಸರಸ್ವತಿ, ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿ ಬಂದಿದ್ದಳು. ಉಜ್ಜನಪ್ಪ ಗೋಡೆಗೆ ಒರಗಿ ನಿಂತು ತನ್ನ ಕೈಯನ್ನೇ ನೋಡುತ್ತಿದ್ದ. ಆ ಸಂಜೆಯೇ ಅವನ ಹಾಸಿಗೆ ಮುಂದಿನ ಕೋಣೆಗೆ, ಫ್ಯಾನುಗಳ ನಡುವೆ ಹೋಯಿತು.

ಬಾ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಬಂದರೆ ಏನು ಮಾಡಬೇಕು ಎಂಬುದೂ ಗೊತ್ತಿರಲಿಲ್ಲ. ಕೆಲವು ದಿನ ಬೆಳಗಿನ ಜಾವಕ್ಕೆ ಎಚ್ಚರವಾಗುತ್ತಿತ್ತು. ಆಗ ಕೆನ್ನೆ ಕಾಯುತ್ತಿತ್ತು. ಮುಟ್ಟಿದರೆ ಪ್ರಾಣ ಹೋಗುತ್ತದೆ ಎಂದು ಗೊತ್ತಿದ್ದೂ ಮುಟ್ಟಲಿ ಎಂದು ಕಾಯುತ್ತಿತ್ತು. ಇಂಥದ್ದನ್ನು ಯಾವ ಡಾಕ್ಟರಿಗೆ ಹೇಳುವುದು?

ಶಿವಮೊಗ್ಗದಿಂದ ಬಂದ ಸಂಜೆ ಅವಳು ಹೇಳಿದಳು: "ಮಾಡಿಸೋದು ಬೇಡ."

ಉಜ್ಜನಪ್ಪ ತಾಮ್ರದ ತಂತಿ ಸುತ್ತುತ್ತಿದ್ದವನು ನಿಲ್ಲಿಸಿದ. "ಯಾಕೆ ಮಾರಾಯ್ತಿ? ಹೆದರಿಕೆನಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ? ನೋವು ಹೋಗುತ್ತೆ ಅಂತ ಬಾಯಿಬಿಟ್ಟು ಹೇಳ್ತಿದಾರೆ ಅವ್ರು. ಇನ್ನೇನು ಬೇಕು ನಿಂಗೆ?"

ಅವಳು ಒಳಗೆ ಹೋದಳು. ಅವನು ಮಗಳಿಗೆ ಫೋನ್ ಮಾಡಿದ. ಸೌಂದರ್ಯ ವಿಡಿಯೋದಲ್ಲಿ ಬಂದು, ನೀನು ಮಾತಾಡಬೇಡ, ಬರೀ ಕೇಳಿಸಿಕೋ ಎಂದು ಬಹಳ ಹೊತ್ತು ಹೇಳಿದಳು. "ಜೋಮಾದ್ರೆ ಏನಾಯ್ತಮ್ಮ? ಕಾಲು ಜೋಮಿಲ್ವಾ? ಅದರಲ್ಲೇ ಓಡಾಡ್ತಿಲ್ವಾ ನೀನು? ಹಾಗೇ ಇದೂ."

ಹೆತ್ತ ಮಗಳೇ ಆದರೂ ಅವಳಿಗೇನು ಗೊತ್ತು? ಕಾಲು ಬೇರೆ, ಕೆನ್ನೆ ಬೇರೆ. ಜಗದಾಂಬಾ ಫೋನಿನೆದುರು ಹೂಂ ಎಂದಳು, ಆಮೇಲೆ ಮತ್ತೆ ಬೇಡ ಎಂದಳು.

ಹಾಗೇ ವಾರಗಳು ಕಳೆದವು. ಒಂದು ಸಂಜೆ ಸರಸ್ವತಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿ ತಟ್ಟೆಯಲ್ಲಿ ತಂದಳು. ಅಂಗಡಿಯ ಬಾಗಿಲಲ್ಲೇ ಉಜ್ಜನಪ್ಪನ ದನಿ ಕೇಳಿಸಿತು.

"ಬೇಡ ಸರಸ್ವತಮ್ಮ, ವಾಪಸ್ ತಗೊಂಡು ಹೋಗಿ. ಬೇಜಾರು ಮಾಡ್ಕೋಬೇಡಿ."

"ಅಯ್ಯೋ, ಮಂಡಕ್ಕಿ ಅಂದ್ರೆ ಪ್ರಾಣ ಬಿಡ್ತಿದ್ರಲ್ಲಣ್ಣ ನೀವು!"

"ಅವಳಿಗೂ ಇಷ್ಟ ಅಲ್ವಾ? ನಾನು ಕುರುಕುರು ಅಂತ ತಿಂತಾ ಕೂತ್ರೆ ಒಳಗೆ ಕೇಳಿಸುತ್ತೆ. ಅದಕ್ಕೇ ಬಿಟ್ಟುಬಿಟ್ಟೆ. ರುಬ್ಬಿದ್ದೇ ನಾನೂ ಒಂದು ಲೋಟ ಹೊಡೀತೀನಿ. ರೂಢಿಯಾಗಿದೆ."

ಜಗದಾಂಬಾ ಮಿಷನ್ನಿನ ಮುಂದೆ ಕೂತಲ್ಲೇ ಕೂತಳು. ಎರಡು ವರ್ಷದಲ್ಲಿ ಅವನು ಅಗಿಯುವ ಸದ್ದು ಮನೆಯಲ್ಲಿ ಕೇಳಿಲ್ಲ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಹಪ್ಪಳವಿಲ್ಲ, ಚಕ್ಕುಲಿಯಿಲ್ಲ, ಸೌತೆಕಾಯಿ ಹೋಳೂ ಇಲ್ಲ. ಅವನ ಗಹಗಹ ನಗುವೂ ಇಲ್ಲ. ಅವನು ನಕ್ಕರೆ ತನಗೂ ನಗು ಬಂದೀತೆಂದು ಅದನ್ನೂ ಬಿಟ್ಟಿದ್ದನೋ ಏನೋ. ತನ್ನ ಮುಖದ ಕಾಯಿಲೆ ಅವನ ಬಾಯಿಗೂ ಬೀಗ ಹಾಕಿತ್ತು.

ಆ ದುಃಖಕ್ಕೆ ಮುಖ ಕಿವುಚಿದ್ದೇ ನೆಪವಾಗಿ ನೋವು ಬಂತು. ಮಿಷನ್ನಿನ ಅಂಚು ಹಿಡಿದು, ಕಣ್ಣು ಬಿಗಿದು, ಅದು ತನ್ನ ಮೇಲೆ ಹಾದುಹೋಗುವವರೆಗೆ ತಡೆದಳು. ಹೋದ ಮೇಲೆ ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಮರೆತು ಸೆರಗಿನಿಂದ ಒರೆಸಿಕೊಂಡಳು. ಒರೆಸಿದ ಮೇಲೆ ನೆನಪಾಗಿ ಮತ್ತೆ ಮಿಷನ್ನಿನ ಅಂಚು ಹಿಡಿದಳು. ಆದರೆ ಏನೂ ಆಗಲಿಲ್ಲ. ಇನ್ನೊಮ್ಮೆ ಒರೆಸಿದಳು. ಆಗಲೂ ಇಲ್ಲ. ಸ್ವಲ್ಪ ಹೊತ್ತು ಕಳೆದು ಬೆರಳು ತಾಗಿಸಿದಾಗ ಮಾತ್ರ ಒಳಗೆ ಎಲ್ಲೋ ನೋವು ಹೆಡೆಯೆತ್ತಿತು. ಜೋರಾಗಿ ಬಂದು ಹೋದ ನೋವು ದಣಿವಾರಿಸಿಕೊಳ್ಳುವಾಗ ಕೆನ್ನೆ ಕೆಲವು ಗಳಿಗೆ ಮೊದಲಿನ ಕೆನ್ನೆಯಾಗಿರುತ್ತದೆ. ಆಮೇಲೆ ಎರಡು ಮೂರು ಸಲ ಇದನ್ನು ಪರೀಕ್ಷೆ ಮಾಡಿ ನೋಡಿದಳು. ಯಾರಿಗೂ ಹೇಳಲಿಲ್ಲ.

ಉಜ್ಜನಪ್ಪ ರುಬ್ಬಿದ್ದನ್ನು ತಂದು ಮೇಜಿನ ಮೇಲಿಟ್ಟಾಗ ಅವಳೆಂದಳು: "ಡಾಕ್ಟ್ರಿಗೆ ಫೋನ್ ಮಾಡಿ. ಯಾವತ್ತು ಅಂತ ಕೇಳಿ."

ಸಕ್ಕರೆ ಹತೋಟಿಗೆ ಬಂದ ಮೇಲೆ, ಏಪ್ರಿಲ್ ತಿಂಗಳಲ್ಲಿ ದಿನ ಗೊತ್ತಾಯಿತು. ಹಿಂದಿನ ದಿನವೇ ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿಸಿಕೊಂಡರು. ಬೆಳಿಗ್ಗೆ ಸಿಸ್ಟರ್ ಬಂದು ಬೆರಳಿಗೆ ಚುಚ್ಚಿ ಶುಗರ್ ನೋಡಿ, "ಸರಿಯಾಗಿದೆ ಅಮ್ಮ. ನೀರೂ ಕುಡೀಬೇಡಿ. ಇನ್ನು ಸ್ವಲ್ಪ ಹೊತ್ತಿಗೆ ಕರ್ಕೊಂಡು ಹೋಗ್ತೀವಿ," ಎಂದು ಹಸಿರು ಗೌನು ಕೊಟ್ಟು ಹೋದಳು. ಸೌಂದರ್ಯ ಔಷಧಿ ತರಲು ಕೆಳಗಿಳಿದಳು. ರೂಮಿನಲ್ಲಿ ಗಂಡಹೆಂಡತಿ ಇಬ್ಬರೇ ಉಳಿದರು. ಉಜ್ಜನಪ್ಪ ಕಿಟಕಿಯ ಹತ್ತಿರ ನಿಂತು, ಕೆಳಗೆ ಆಟೋಗಳು ಬಂದು ಹೋಗುವುದನ್ನು ನೋಡುತ್ತಿದ್ದ.

"ರೀ," ಎಂದಳು ಜಗದಾಂಬಾ. "ಇಲ್ಲಿ ಬನ್ನಿ."

ಅವನು ಮಂಚದ ತುದಿಗೆ ಬಂದು ನಿಂತ.

"ಒಂದು ಮಾತು ಹೇಳ್ತೀನಿ. ಮಧ್ಯ ಮಾತಾಡ್ಬೇಡಿ, ನಂಗೆ ತಿರುಗಿ ಹೇಳೋಕಾಗಲ್ಲ." ಅವಳು ನಿಧಾನವಾಗಿ, ಎಡಗಡೆಯಿಂದಲೇ ಪದಗಳನ್ನು ಒಂದೊಂದಾಗಿ ಹೊರಗೆ ಬಿಟ್ಟಳು. "ಜೋರಾಗಿ ಒಂದು ಸಲ ಬಂದು ಹೋದ್ಮೇಲೆ ಸ್ವಲ್ಪ ಹೊತ್ತು ಬರಲ್ಲ. ಆಗ ಮುಟ್ಟಿದ್ರೆ ಏನೂ ಆಗಲ್ಲ. ನಾನು ನೋಡಿದೀನಿ. ಈಗ ಮುಖ ತೊಳ್ಕೊತೀನಿ, ತಣ್ಣೀರಲ್ಲಿ. ಬರುತ್ತೆ. ಬಂದು ಹೋಗ್ಲಿ. ಆಮೇಲೆ ನೀವು..." ಅವಳಿಗೆ ಅಷ್ಟು ವಯಸ್ಸಾಗಿಯೂ ನಾಚಿಕೆಯಾಯಿತು. "ನೀವು ಮೊದಲು ಡ್ಯೂಟಿಗೆ ಹೋಗೋವಾಗ ಮಾಡ್ತಿದ್ರಲ್ಲ. ಹಾಗೆ."

ಉಜ್ಜನಪ್ಪನಿಗೆ ಅರ್ಥವಾಗಲು ಸಮಯ ಹಿಡಿಯಿತು. ಆದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದ.

"ಹುಚ್ಚು ಹಿಡೀತಾ ನಿಂಗೆ? ಇನ್ನೊಂದು ಗಳಿಗೆ ತಡಿ, ಹೋಗೇಬಿಡುತ್ತೆ ನೋವು. ಈಗ ಬೇಕು ಅಂತ ಬರಿಸಿಕೊಳ್ತಾರಾ ಯಾರಾದ್ರೂ?"

"ಆಮೇಲೆ ನೀವು ಮುಟ್ಟಿದ್ರೆ ನಂಗೆ ಗೊತ್ತಾಗಲ್ಲ."

ಅವನು ಅಂಗೈಯನ್ನು ಅಂಗಿಗೆ ಒರೆಸಿಕೊಂಡ. "ನನ್ನಿಂದಾಗಲ್ಲ ಕಣೆ. ಅವತ್ತು ನೀನು ಕಿರುಚಿದ್ದು ಇನ್ನೂ ನನ್ನ ಕಿವಿಯಿಂದ ಹೋಗಿಲ್ಲ. ಈ ಕೈಯಿಂದಲೇ ಆಯ್ತಲ್ಲ ಅಂತ... ನಿನ್ನ ಹತ್ರ ಬರೋಕೂ ಹೆದರಿಕೆ ನಂಗೆ."

"ಗೊತ್ತು," ಎಂದಳು ಅವಳು. ನಿಜವಾಗಿ ಗೊತ್ತಾದದ್ದು ಆಗಲೇ. ಇಷ್ಟು ದಿನ ಅವನಿಗೆ ಅಸಹ್ಯವಾಗಿರಬೇಕು, ಇಲ್ಲ ಸಾಕಾಗಿರಬೇಕು ಎಂದು ಏನೇನೋ ಅಂದುಕೊಂಡಿದ್ದಳು. ಮಂಚದಿಂದಿಳಿದು, ಚಪ್ಪಲಿ ಕಾಲಿಗೆ ಸೇರಿತೋ ಇಲ್ಲವೋ ಎಂದು ಕಣ್ಣಲ್ಲೇ ನೋಡಿಕೊಂಡು, ಬಾಗಿಲ ಪಕ್ಕದ ವಾಷ್ ಬೇಸಿನ್ನಿನ ಕಡೆ ನಡೆದಳು.

ನಲ್ಲಿ ತಿರುಗಿಸಿದಳು. ಎರಡು ವರ್ಷದಿಂದ ಒದ್ದೆ ಬಟ್ಟೆಯನ್ನು ಎಡಗೆನ್ನೆಗೆ ಮಾತ್ರ ಒತ್ತಿಕೊಳ್ಳುತ್ತಿದ್ದವಳು ಬೊಗಸೆ ತುಂಬ ನೀರು ಹಿಡಿದಳು. ಅದು ಬೆರಳ ಸಂದಿಯಲ್ಲಿ ಸೋರಿಹೋಯಿತು. ಮತ್ತೆ ಹಿಡಿದಳು. ಶಿವಾ ಎಂದು ಮನಸ್ಸಿನಲ್ಲೇ ಅಂದುಕೊಂಡು ಮುಖಕ್ಕೆ ಎರಚಿಕೊಂಡಳು.

ಅದು ಬಂತು. ತುಟಿಯ ಮೂಲೆಯಿಂದ ಕಿವಿಯವರೆಗೆ, ಕಿವಿಯಿಂದ ಕಣ್ಣಿನ ಕೆಳಗೆ, ಮತ್ತೆ ದವಡೆಗೆ. ಬೇಸಿನ್ನಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿದಳು. ಕಿರುಚಬಾರದೆಂದು ಮೊದಲೇ ನಿರ್ಧರಿಸಿದ್ದಳು. ಕಿರುಚಿದರೆ ಅವನು ಓಡಿಹೋಗುತ್ತಾನೆ. ಕಿರುಚಲಿಲ್ಲ. ಹಿಂದೆ ಉಜ್ಜನಪ್ಪ "ಅಯ್ಯೋ, ಅಯ್ಯೋ" ಎನ್ನುತ್ತಿದ್ದುದು ಬಾವಿಯ ಒಳಗಿನಿಂದ ಕೇಳಿಸಿದ ಹಾಗಿತ್ತು. ಒಮ್ಮೆ ಬಿಟ್ಟಿತು, ಮತ್ತೆ ಹಿಡಿಯಿತು, ಅಲುಗಾಡಿಸಿ ಬಿಟ್ಟಿತು.

ಅವಳು ತಿರುಗಿದಳು. ಮುಖದಿಂದ ನೀರಿಳಿಯುತ್ತಿತ್ತು.

"ಈಗ," ಎಂದಳು.

ಉಜ್ಜನಪ್ಪ ಬಂದ. ಅವನ ಕೈ ಮೇಲೆದ್ದು ನಡುದಾರಿಯಲ್ಲೇ ನಿಂತಿತು. ಅವಳು ಕಣ್ಣು ಮುಚ್ಚಿದಳು. ಆಮೇಲೆ ಬೆರಳುಗಳ ಹಿಂಬದಿ ಅವಳ ಕೆನ್ನೆಯ ಮೇಲಿತ್ತು.

ಎಷ್ಟು ಒರಟಾಗಿತ್ತು ಆ ಚರ್ಮ. ತಂತಿ ಎಳೆದೆಳೆದು ಗಂಟುಗಂಟಾಗಿದ್ದ ಗೆಣ್ಣುಗಳು ಒಂದೊಂದೂ ಬೇರೆಬೇರೆಯಾಗಿ ತಿಳಿದವು. ಕಿರುಬೆರಳು ಉಳಿದವಕ್ಕಿಂತ ಬೆಚ್ಚಗಿತ್ತು. ಮೊದಲೆಲ್ಲ ಒಂದೇ ಎಳೆತಕ್ಕೆ ಸವರಿ ಹೋಗುತ್ತಿದ್ದ ಕೈ ಈಗ ಹೋಗಲಿಲ್ಲ, ಹಣೆಯ ಪಕ್ಕದಿಂದ ಗಲ್ಲದವರೆಗೆ ಅಂಗುಲ ಅಂಗುಲವಾಗಿ ಇಳಿಯಿತು. ಅದರ ನಡುಕವೂ ಅವಳಿಗೆ ಗೊತ್ತಾಗುತ್ತಿತ್ತು. ಗಲ್ಲಕ್ಕೆ ಬಂದ ಮೇಲೆ ಕೈ ತಿರುಗಿ, ಇಡೀ ಅಂಗೈ ಕೆನ್ನೆಯನ್ನು ತುಂಬಿಕೊಂಡಿತು. ಅವಳು ಮುಖದ ಭಾರವನ್ನು ಅದರೊಳಗೆ ಬಿಟ್ಟಳು. ಯೌವನದಲ್ಲೂ ಹೀಗೆ ಬಿಟ್ಟವಳಲ್ಲ. ಅತ್ತೆ ಇದ್ದರು, ಮಗಳಿದ್ದಳು, ಒಲೆಯ ಮೇಲೆ ಹಾಲಿರುತ್ತಿತ್ತು, ಏನಾದರೊಂದು ಇರುತ್ತಿತ್ತು.

"ನೋಯ್ತಿದ್ಯಾ?"

"ಇಲ್ಲ."

ದೂರದಲ್ಲೆಲ್ಲೋ, ತುಟಿಯ ಮೂಲೆಯಲ್ಲಿ, ಅದು ಮತ್ತೆ ಮಿಸುಕಾಡಿತು. ಸಮಯ ಮುಗಿಯುತ್ತ ಬಂತೆಂದು ಅವಳಿಗೆ ಗೊತ್ತಾಯಿತು. ಸಾಕು, ಕೈ ತೆಗೆಯಿರಿ ಅನ್ನಬೇಕಾಗಿತ್ತು. ಅನ್ನಲಿಲ್ಲ.

"ನೋಯ್ತಿದ್ರೆ ಹೇಳು ಮಾರಾಯ್ತಿ."

"ಇಲ್ಲ ಅಂದ್ನಲ್ಲ."

ಬಾಗಿಲು ತಟ್ಟಿ ಸಿಸ್ಟರ್ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಉಜ್ಜನಪ್ಪ ಕೈ ತೆಗೆದ. ಆ ತೆಗೆಯುವಿಕೆಯ ಗಾಳಿಗೇ ನೋವು ಬಂದು ಅವಳನ್ನು ಹಿಡಿಯಿತು. ಕುರ್ಚಿಯ ಕಡೆ ಮುಖ ತಿರುಗಿಸಿಕೊಂಡು, ಅವನಿಗೆ ಕಾಣದ ಹಾಗೆ ಅದನ್ನು ಅನುಭವಿಸಿದಳು.

ಆಪರೇಷನ್ ಕೋಣೆಯ ಒಳಗೆ ಎಲ್ಲವೂ ತಣ್ಣಗಿತ್ತು. ಮಂಪರು ಬರಿಸಿ, ಮತ್ತೆ ಎಬ್ಬಿಸಿ, ಡಾಕ್ಟರ್ ವಿಷ್ಣುಪ್ರಸಾದ ಕಿವಿಯ ಹತ್ತಿರ ಬಗ್ಗಿ ಕೇಳಿದರು: "ಅಮ್ಮ, ಎಲ್ಲಿ ಜುಮ್ ಅಂತಿದೆ? ಹಣೆಯಲ್ಲಾ, ಕೆನ್ನೆಯಲ್ಲಾ?"

"ಕೆನ್ನೆ," ಎಂದಳು ಜಗದಾಂಬಾ.

"ಸರಿಯಾದ ಜಾಗ," ಎಂದು ಅವರು ಯಾರಿಗೋ ಹೇಳಿದ್ದು ಕೇಳಿಸಿತು. ಮತ್ತೆ ನಿದ್ದೆ ಬಂತು.

ನೋವು ಹೋಯಿತು. ಮಾರನೆಯ ದಿನ ಭದ್ರಾವತಿಗೆ ಬಂದಾಗ ಬೀದಿಯವರೆಲ್ಲ ನೋಡಲು ಬಂದರು. ಜಗದಾಂಬಾ ಮಾತಾಡಿದಳು. ಎರಡು ವರ್ಷದ ಮಾತನ್ನೆಲ್ಲ ಒಂದೇ ದಿನಕ್ಕೆ ಆಡಿದಳು ಎಂದು ಸರಸ್ವತಿ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ರೊಟ್ಟಿ ಅಗಿದಳು. ಬಲಗಡೆ ಅಗಿಯುವಾಗ ಒಳಗೆನ್ನೆಯನ್ನೇ ಕಚ್ಚಿಕೊಂಡು, ರಕ್ತದ ರುಚಿ ನಾಲಿಗೆಗೆ ತಿಳಿದ ಮೇಲೆ ಎಡಕ್ಕೆ ತಿರುಗಿಸುವುದನ್ನು ಕಲಿತಳು. ಕನ್ನಡಿಯಲ್ಲಿ ಮುಖ ಮುಖದ ಹಾಗೇ ಇತ್ತು. ಮುಟ್ಟಿಕೊಂಡರೆ ಮಾತ್ರ ಬೆರಳಿಗೆ ಕೆನ್ನೆ ಸಿಗುತ್ತಿತ್ತು, ಕೆನ್ನೆಗೆ ಬೆರಳು ಸಿಗುತ್ತಿರಲಿಲ್ಲ.

ಉಜ್ಜನಪ್ಪನ ಹಾಸಿಗೆ ಫ್ಯಾನುಗಳ ನಡುವಿನಿಂದ ಒಳಗೆ ಬಂತು. ಅವನು ಈಗಲೂ ಅವಳಿಗಿಂತ ಮೊದಲೇ ಏಳುತ್ತಿದ್ದ. ಕೆಲವು ಬೆಳಿಗ್ಗೆ ಅವಳು ಕಣ್ಣು ಬಿಟ್ಟಾಗ ಅವನು ಆಗಲೇ ಎದ್ದು ಹೋಗಿರುತ್ತಿದ್ದ, ಹಿತ್ತಿಲಲ್ಲಿ ನೀರಿನ ಸದ್ದಾಗುತ್ತಿರುತ್ತಿತ್ತು. ಹೋಗುವ ಮೊದಲು ಬಗ್ಗಿ ಸವರಿದ್ದನೋ ಇಲ್ಲವೋ? ಅವಳು ಮಲಗಿದಲ್ಲೇ ಕೆನ್ನೆಯನ್ನು ಕೇಳುತ್ತಿದ್ದಳು. ಅದು ಏನೂ ಹೇಳುತ್ತಿರಲಿಲ್ಲ. ಅವನನ್ನು ಕೇಳಬಹುದಾಗಿತ್ತು. ಈಗ ಮಾತಿಗೇನೂ ಅಡ್ಡಿಯಿರಲಿಲ್ಲ. ಆದರೂ ಕೇಳಲಿಲ್ಲ.

ಮೇ ತಿಂಗಳ ಒಂದು ಸಂಜೆ ಸೌಂದರ್ಯ ಕಳಿಸಿದ ರಸಪುರಿ ಮಾವಿನಹಣ್ಣು ಬಂತು. ದಿನಕ್ಕೆ ಒಂದೇ ಹೋಳು, ಅದೂ ಸಣ್ಣದು ಎಂದು ಸಕ್ಕರೆಯ ಡಾಕ್ಟರ್ ಅಪ್ಪಣೆ ಕೊಟ್ಟಿದ್ದರು. ಅಂಗಡಿಯ ಮುಂದಿನ ಕಟ್ಟೆಯಲ್ಲಿ ಕೂತು ಉಜ್ಜನಪ್ಪ ಹಣ್ಣು ಹೆಚ್ಚಿ, ಒಂದು ಹೋಳನ್ನು ಅವಳ ಕೈಗೇ ಕೊಟ್ಟ. ಅವಳು ಅದನ್ನು ಬೇಗ ಮುಗಿಸಲು ಮನಸ್ಸಿಲ್ಲದೆ ಚೀಪುತ್ತ, ಬೀದಿಯಲ್ಲಿ ಹೋಗುವವರನ್ನು ನೋಡುತ್ತ ಕೂತಳು.

ಸ್ವಲ್ಪ ಹೊತ್ತಾದ ಮೇಲೆ ಕಣ್ಣಿನ ಅಂಚಿನಲ್ಲಿ ಅವನ ತೋಳು ಕಂಡಿತು. ಅದು ತನ್ನ ಮುಖದ ಬಲಗಡೆಗೆ ಚಾಚಿಕೊಂಡಿತ್ತು.

"ಏನ್ರೀ?"

"ರಸ ಇಳೀತಿದೆ," ಎಂದು ಅವನು ಕೈ ಹಿಂದಕ್ಕೆ ತೆಗೆದು ತೋರಿಸಿದ. ಹೆಬ್ಬೆರಳು ಹಳದಿಯಾಗಿತ್ತು. ಮತ್ತೆ ಕೈ ಚಾಚಿದ.

ಜಗದಾಂಬಾ ಹೋಳನ್ನು ತಟ್ಟೆಯಲ್ಲಿಟ್ಟಳು. ಬೀದಿಯ ಕಡೆಗೇ ಮುಖವಿಟ್ಟು, ಅಲ್ಲಾಡದೆ ಕೂತಳು.

"ಇನ್ನೂ ಇದ್ಯಾ?" ಎಂದು ಕೇಳಿದಳು ಸ್ವಲ್ಪ ಹೊತ್ತಿನ ಮೇಲೆ.

"ಇದೆ," ಎಂದ ಉಜ್ಜನಪ್ಪ. ಅವನ ಮೊಣಕೈ ಮೆಲ್ಲಗೆ ಮೇಲೆ ಕೆಳಗೆ ಅಲುಗುತ್ತಿರುವುದು ಅವಳಿಗೆ ಕಾಣುತ್ತಿತ್ತು.